ಒಂದೇ ಹಾರಾಟಕ್ಕೆ ಮೂರು ಎತ್ತರ: ಯಾವ ಆಲ್ಟಿಮೀಟರ್ ಮಾತು ನಂಬೋದು?

ಫ್ರೆಸ್ನೊ_ರಾಯ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಕೊಯ್ಲು ಮುಗಿದ ಹೊಲದಲ್ಲಿ ಹೋದ ವಾರ ನಮ್ಮ ಹವ್ಯಾಸಿ ರಾಕೆಟ್ ಕ್ಲಬ್ಬಿನ ಲಾಂಚ್ ಇತ್ತು. ಲೆವೆಲ್ 2 ಸರ್ಟಿಫಿಕೇಶನ್‌ಗೆ 4 ಇಂಚಿನ ಫೈಬರ್‌ಗ್ಲಾಸ್ ರಾಕೆಟ್ ಹಾರಿಸಿದೆ (ದೊಡ್ಡ ಮೋಟಾರ್ ಹಾರಿಸೋಕೆ ಬೇಕಾದ ಎರಡನೇ ಹಂತದ ಅರ್ಹತೆ ಅದು), ಜೆ ಮೋಟಾರ್ (ಅಕ್ಷರ ಮುಂದೆ ಹೋದಷ್ಟೂ ಮೋಟಾರ್ ದೊಡ್ಡದು). ಅಪೋಜಿಯಲ್ಲಿ (ಹಾರಾಟದ ತುತ್ತತುದಿ) ಡ್ರೋಗ್ ಅನ್ನೋ ಚಿಕ್ಕ ಪ್ಯಾರಾಶೂಟ್, ಇಳಿಯುವಾಗ 200 ಮೀಟರಿನಲ್ಲಿ ಮೇನ್ ಅನ್ನೋ ದೊಡ್ಡದು, ಎರಡೂ ನೆಟ್ಟಗೆ ಬಿಚ್ಚಿಕೊಂಡವು, ಪೇಪರಿಗೆ ಸಹಿಯೂ ಬಿತ್ತು. ಅಲ್ಲೇನೂ ತಕರಾರಿಲ್ಲ.

ತಲೆ ಕೆಟ್ಟಿದ್ದು ಮನೆಗೆ ಬಂದು ಲಾಗ್ ಇಳಿಸಿಕೊಂಡ ಮೇಲೆ. ಗಾಳಿ ಒತ್ತಡದಿಂದ ಎತ್ತರ ಅಳೆಯೋ ಬ್ಯಾರೋಮೀಟರ್ ಆಲ್ಟಿಮೀಟರ್ ಹೇಳ್ತಿರೋದು 1,391 ಮೀಟರ್. ಅದೇ ಏವಿ-ಬೇಯಲ್ಲಿ (ಬೋರ್ಡುಗಳನ್ನಿಡೋ ಗೂಡು) ಪಕ್ಕದಲ್ಲೇ ಕೂತಿದ್ದ ಎರಡನೇ ಬೋರ್ಡು ಆಕ್ಸೆಲೆರೋಮೀಟರ್ (ವೇಗದ ಬದಲಾವಣೆ ಅಳೆಯೋ ಸೆನ್ಸರ್) ಲೆಕ್ಕದಲ್ಲಿ 1,570 ಅಂತಿದೆ. ನೋಸ್‌ಕೋನ್ ಒಳಗಿದ್ದ ಜಿಪಿಎಸ್ ಪ್ರಕಾರ ಪ್ಯಾಡ್‌ನಿಂದ 1,512. ಹೆಚ್ಚು ಕಮ್ಮಿ 180 ಮೀಟರ್ ವ್ಯತ್ಯಾಸ! ಯಾವುದಾದರೂ ಕೆಟ್ಟಿದೆಯಾ? ಅಥವಾ ಇದು ಮಾಮೂಲಾ?

ಪ್ರಸನ್ನ_ಜಯನಗರ
ಯಾವುದು ಜಾಸ್ತಿ ತೋರಿಸುತ್ತೋ ಅದನ್ನೇ ಸ್ನೇಹಿತರಿಗೆ ಹೇಳಿ ಗುರು. ಸರ್ಟಿಫಿಕೇಟ್ ಬಂತಲ್ಲ, ಪಾರ್ಟಿ ಯಾವಾಗ?

ಬಾರೋ_ಭಟ್ಟ
ಅಭಿನಂದನೆ ರಾಯರೇ. ಯಾವುದೂ ಕೆಟ್ಟಿಲ್ಲ. ಮೂರೂ ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿಯೇ ಇವೆ, ಆದರೆ ಮೂರೂ ಅಳೆದದ್ದು ಬೇರೆ ಬೇರೆ ವಸ್ತುವನ್ನು.

ಬ್ಯಾರೋಮೀಟರ್ ಚಿಪ್‌ಗೆ ಎತ್ತರ ಅನ್ನೋದೇ ಗೊತ್ತಿಲ್ಲ. ಅದು ಕೊಡೋದು ಗಾಳಿಯ ಒತ್ತಡ ಮಾತ್ರ. ಬೋರ್ಡಿನೊಳಗಿನ ಪ್ರೋಗ್ರಾಂ, ಅಂದ್ರೆ ಫರ್ಮ್‌ವೇರ್, ಆ ಒತ್ತಡವನ್ನು ತಗೊಂಡು ಸ್ಟ್ಯಾಂಡರ್ಡ್ ಅಟ್ಮಾಸ್ಫಿಯರ್ ಸೂತ್ರಕ್ಕೆ ಹಾಕಿ ಮೀಟರ್ ಮಾಡುತ್ತೆ. ಆ ಸೂತ್ರದ ಪ್ರಪಂಚದಲ್ಲಿ ಸಮುದ್ರಮಟ್ಟದಲ್ಲಿ ಯಾವಾಗಲೂ 15 ಡಿಗ್ರಿ, 1013.25 ಹೆಕ್ಟೋಪಾಸ್ಕಲ್, ಮತ್ತು ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ತಂಪು. ಪ್ಯಾಡ್ ಮೇಲಿನ ಒತ್ತಡವನ್ನು ಸೊನ್ನೆ ಅಂತ ಹಿಡಿಯುವುದರಿಂದ ಆ ದಿನದ ಒತ್ತಡದ ಏರುಪೇರು ಕಳೆದುಹೋಗುತ್ತೆ, ಆದರೆ ಸೆಕೆ ಕಳೆಯೋದಿಲ್ಲ. ಬಿಸಿ ಗಾಳಿ ಹಿಗ್ಗಿರುತ್ತೆ, ಆದ್ದರಿಂದ ಅಷ್ಟೇ ಒತ್ತಡ ಇಳಿಯಬೇಕಾದರೆ ರಾಕೆಟ್ ಇನ್ನೂ ಮೇಲೆ ಹೋಗಬೇಕು. ಸೂತ್ರಕ್ಕಿಂತ ಪ್ರತಿ 3 ಡಿಗ್ರಿ ಬಿಸಿಗೆ ಸುಮಾರು ನೂರಕ್ಕೆ ಒಂದರಷ್ಟು ಕಮ್ಮಿ ತೋರಿಸುತ್ತೆ ಅಂತ ಬಾಯಿಲೆಕ್ಕ ಇಟ್ಕೊಳ್ಳಿ.

ಅವತ್ತು ಎಷ್ಟು ಡಿಗ್ರಿ ಇತ್ತು?

ಫ್ರೆಸ್ನೊ_ರಾಯ
ನೆರಳಲ್ಲೇ 36. ಜಾಗ ಸಮುದ್ರಮಟ್ಟಕ್ಕಿಂತ 50-60 ಮೀಟರ್ ಮೇಲೆ ಅಷ್ಟೆ.

ಅಂದ್ರೆ 21 ಡಿಗ್ರಿ ವ್ಯತ್ಯಾಸ, ನೂರಕ್ಕೆ 7. 1,391ಕ್ಕೆ ಸೇರಿಸಿದ್ರೆ 1,488! ಜಿಪಿಎಸ್‌ಗೂ ಇದಕ್ಕೂ ಈಗ 24 ಮೀಟರ್ ಮಾತ್ರ. ಅಬ್ಬಾ.

ಬಾರೋ_ಭಟ್ಟ
ಅದೇ. ಮಧ್ಯಾಹ್ನದ ಬಿಸಿಲಲ್ಲಿ ನೆಲದ ಹತ್ತಿರದ ಗಾಳಿ 6.5ಕ್ಕಿಂತ ಬೇಗ ತಣ್ಣಗಾಗುತ್ತಾ ಹೋಗುತ್ತೆ, ಹಾಗಾಗಿ ನಿಜ ಇನ್ನೊಂದು ಹತ್ತು ಮೀಟರ್ ಆಚೀಚೆ ಇರಬಹುದು.

ಇನ್ನೊಂದು ಗಮನಿಸಿ. ನಿಮ್ಮ ಮೇನ್ 200ಕ್ಕೆ ಸೆಟ್ ಆಗಿತ್ತಲ್ಲ, ಅವತ್ತು ಅದು ನಿಜವಾಗಿ ಬಿಚ್ಚಿದ್ದು 214ರ ಆಸುಪಾಸಿನಲ್ಲಿ. ಬೇಸಿಗೆಯಲ್ಲಿ ತಪ್ಪು ನಮ್ಮ ಪರ. ಮೈನಸ್ 5 ಡಿಗ್ರಿ ಚಳಿಯಲ್ಲಿ ಹಾರಿಸೋರಿಗೆ ಅದೇ 200 ಅನ್ನೋದು 186 ಆಗುತ್ತೆ. ಭಾರದ ರಾಕೆಟ್‌ಗೆ ಮೇನ್ ಎತ್ತರವನ್ನು ಅಂಚಿಗೆ ತಂದು ಇಟ್ಟುಕೊಂಡಿದ್ರೆ ಅದು ಚಿಕ್ಕ ವಿಷಯ ಅಲ್ಲ.

ಧಾರವಾಡದಾಂವ
ಭಟ್ರು ಬ್ಯಾರೋ ಕಥಿ ಹೇಳಿದ್ರು, ನಾ ಆಕ್ಸೆಲೆರೋಮೀಟರ್ ಕಥಿ ಹೇಳ್ತೀನಿ.

ರಾಯರ, ಆ 1,570 ಅನ್ನೂದು ರಾಕೆಟ್ ಸೀದಾ ಮ್ಯಾಲೆ ಹೋಗೇದ ಅಂತ ಹಿಡಕೊಂಡು ಮಾಡಿದ ಲೆಕ್ಕ. ಒಂದ ಅಕ್ಷದ ಸೆನ್ಸರ್ ರಾಕೆಟ್ಟಿನ ಉದ್ದಕ್ಕ ಏನು ಬಲ ಬೀಳತದ ಅಷ್ಟ ನೋಡತದ. ಫರ್ಮ್‌ವೇರ್ ಅದರಾಗ ಒಂದು ಜಿ (ಭೂಮಿ ಎಳತ) ಕಳದು, ಎರಡು ಸಲ ಇಂಟಿಗ್ರೇಟ್ ಮಾಡಿ (ಕೂಡಿಸ್ಕೋತ ಹೋಗಿ) ಎತ್ತರ ಅಂತದ. ಆದ್ರ ರಾಕೆಟ್ ಗಾಳಿಗೆ ಮುಖಾ ಮಾಡಿ ವಾಲಿರತದ. ಮೋಟಾರ್ ಕೊಟ್ಟ ವೇಗದಾಗ ಒಂದು ಪಾಲು ಅಡ್ಡಕ್ಕ ಹೋಗಿರತದ, ಸೆನ್ಸರ್‌ಗೆ ಅದು ಗೊತ್ತ ಆಗಂಗಿಲ್ಲ. ಅದಕ್ಕ ಎತ್ತರ ಜಾಸ್ತಿ, ಅಪೋಜಿ ತಡಾ.

ಇನ್ನ ಸೆನ್ಸರಿಂದ ತಪ್ಪು ಬ್ಯಾರೆ. ಎಡಿಎಕ್ಸ್‌ಎಲ್375 ಅನ್ನೂ ಆಕ್ಸೆಲೆರೋಮೀಟರ್ ಚಿಪ್ ತಗೋರಿ, ಪ್ಲಸ್ ಮೈನಸ್ 200 ಜಿ ತನಕ ಅಳೀತದ, ಭಾಳ ಮಂದಿ ಬಳಸ್ತಾರ. ಅದರ ಒಂದು ಎಣಿಕಿ (ಅಳತಿಯ ಅತಿ ಸಣ್ಣ ಮೆಟ್ಟಲ) ಅಂದ್ರ 0.049 ಜಿ. ಅಷ್ಟ ಆಫ್‌ಸೆಟ್ (ಸದಾ ಇರೂ ತಪ್ಪು) ಉಳದ್ರೂ ಸೆಕೆಂಡಿಗೆ ಸೆಕೆಂಡಿಗೆ 0.48 ಮೀಟರ್ ತಪ್ಪು. ನಿಮ್ಮ ರಾಕೆಟ್ ಅಪೋಜಿಗೆ ಹೋಗಲಿಕ್ಕೆ 17 ಸೆಕೆಂಡ್ ಹಿಡೀತು ಅಂದ್ರ ಎತ್ತರದಾಗ 69 ಮೀಟರ್, ವೇಗದಾಗ 8 ಮೀಟರ್, ಅಪೋಜಿ ಹೊತ್ತಿನಾಗ ಮುಕ್ಕಾಲು ಸೆಕೆಂಡಿನ ಮ್ಯಾಲೆ. ಪ್ಯಾಡ್ ಮ್ಯಾಲೆ ನಿಂತಾಗ ಸರಾಸರಿ ತಗದು ಇದನ್ನ ಇಳಿಸ್ತಾರ, ಪೂರ್ತಿ ಹೋಗಂಗಿಲ್ಲ.

ಮತ್ತ ಹೊಸಬರು ತಿಳಕೋಬೇಕಾದ್ದು ಒಂದದ. ಮೋಟಾರ್ ಆರಿದ ಮ್ಯಾಲೆ ಆಕ್ಸೆಲೆರೋಮೀಟರ್‌ಗೆ ಬರೇ ಗಾಳಿ ಎಳತ ಕಾಣಸ್ತದ. ವೇಗ ಇಳದಂಗ ಅದೂ ಸೊನ್ನಿಗೆ ಬರತದ. ಅಪೋಜಿಯೊಳಗ ಅದಕ್ಕ ಏನೂ ವಿಶೇಷ ಕಾಣಂಗಿಲ್ಲ, ಮುಟ್ಟೂ ಮುಂಚೆನೂ ಸೊನ್ನಿ, ದಾಟಿದ ಮ್ಯಾಲೂ ಸೊನ್ನಿ. ಅಪೋಜಿ ಬಂತು ಅನ್ನೂದು ಲೆಕ್ಕದಿಂದ ಬಂದ ಊಹಾ ಅಷ್ಟ.

ಏವಿಯಾನಿಕ್ಸ್_ಹುಡುಗ
ಸರ್, ನಾನು ಬೆಂಗಳೂರಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಹಾಗಿದ್ರೆ ನೇರವಾಗಿ ಜಿಪಿಎಸ್ ನಂಬಿದ್ರೆ ಆಗಲ್ವಾ? ಅದಕ್ಕೆ ಸೆಕೆ, ವಾಲೋದು ಯಾವ ತೊಂದರೆನೂ ಇಲ್ಲವಲ್ಲ. ಆದ್ರೆ ಇನ್ನೊಂದು ಡೌಟು: ನನ್ನ ಮಾಡ್ಯೂಲ್‌ನ ಮನೆ ತಾರಸಿ ಮೇಲೆ ಇಟ್ರೆ ಕೆಲವು ಸಲ 830 ಮೀಟರ್ ಅನ್ನುತ್ತೆ, ಬೆಂಗಳೂರು 900ರ ಮೇಲೆ ಇದೆಯಲ್ವಾ?

ಬಾರೋ_ಭಟ್ಟ
ಎರಡನೇದಕ್ಕೆ ಮೊದಲು ಉತ್ತರ. ಜಿಪಿಎಸ್‌ನ ಮೂಲ ಅಳತೆ ಭೂಮಿಯನ್ನು ಒಂದು ನುಣುಪಾದ ಎಲಿಪ್ಸಾಯ್ಡ್ (ಸ್ವಲ್ಪ ಚಪ್ಪಟೆಯಾದ ಗೋಳ) ಅಂತ ತಗೊಂಡು. ಸಮುದ್ರಮಟ್ಟ ಅದರ ಮೇಲೆ ಸರಿಯಾಗಿ ಕೂರೋದಿಲ್ಲ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಎಲಿಪ್ಸಾಯ್ಡ್‌ಗಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ನಿನ್ನ ಕೋಡ್ ಯಾವ ಸಂಖ್ಯೆ ಓದ್ತಿದೆ ನೋಡು, ಎರಡೂ ಬರುತ್ತೆ. ರಾಕೆಟ್‌ಗೆ ಪ್ಯಾಡ್ ಎತ್ತರ ಕಳೆದುಬಿಟ್ರೆ ಈ ತಾಪತ್ರಯ ಇಲ್ಲ.

ಮೊದಲನೇದು: ರಾಕೆಟ್ ಎಲ್ಲಿ ಬಿತ್ತು ಅಂತ ಹುಡುಕೋಕೆ ಜಿಪಿಎಸ್‌ಗಿಂತ ಒಳ್ಳೇದು ಇಲ್ಲ. ಪ್ಯಾರಾಶೂಟ್ ಬಿಚ್ಚೋಕೆ ಅದನ್ನು ನಂಬಿ ಕೂರಬೇಡ. ಬೂಸ್ಟ್‌ನ (ಮೋಟಾರ್ ಉರಿಯೋ ಹೊತ್ತಿನ) ಹೊಡೆತಕ್ಕೆ ಎಷ್ಟೋ ಮಾಡ್ಯೂಲ್‌ಗಳು ಉಪಗ್ರಹದ ಹಿಡಿತ ಕಳ್ಕೊಳ್ತವೆ, ಮತ್ತೆ ಸಿಗೋ ಹೊತ್ತಿಗೆ ರಾಕೆಟ್ ಕೆಳಗೆ ಬರ್ತಿರುತ್ತೆ. ಬಹಳಷ್ಟು ಮಾಡ್ಯೂಲ್‌ಗಳು ಸೆಕೆಂಡಿಗೆ ಒಂದೋ ಐದೋ ಹತ್ತೋ ಸಲ ಹೇಳ್ತವೆ, ಅದೂ ಸ್ವಲ್ಪ ತಡವಾಗಿ. ಅಡ್ಡ ಲೆಕ್ಕಕ್ಕಿಂತ ಎತ್ತರದ ಲೆಕ್ಕದಲ್ಲಿ ಅದರ ತಪ್ಪು ಜಾಸ್ತಿ, ಉಪಗ್ರಹಗಳೆಲ್ಲ ತಲೆ ಮೇಲೇ ಇರೋದ್ರಿಂದ. ಇನ್ನು 18,000 ಮೀಟರ್ ಎತ್ತರ, 1,000 ನಾಟ್ ವೇಗದ ಹಳೇ ಕೋಕಾಮ್ ನಿರ್ಬಂಧ ಇದೆ (ಕ್ಷಿಪಣಿಗೆ ಬಳಸದಿರಲಿ ಅಂತ ಜಿಪಿಎಸ್ ಚಿಪ್‌ಗೆ ಹಾಕಿದ್ದು). ಕೆಲವು ಚಿಪ್‌ಗಳು ಎರಡೂ ಮೀರಿದ್ರೆ ಮಾತ್ರ ಸುಮ್ಮನಾಗ್ತವೆ, ಕೆಲವು ಒಂದು ಮೀರಿದ್ರೂ ಸಾಕು.

ಬೆಂಗಳೂರಲ್ಲಿ ರಾಕೆಟ್ ಜಾಗ ರೇಡಿಯೋದಲ್ಲಿ ಹೇಳೋ ಟ್ರ್ಯಾಕರ್ ಮಾಡ್ತಿದ್ರೆ ಅಮೆರಿಕದ 915 ಮೆಗಾಹರ್ಟ್ಜ್ ಬೋರ್ಡ್ ತರಿಸ್ಕೋಬೇಡ. ನಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865ರಿಂದ 868.

ಸುಮಕ್ಕ_ಡೆನ್ವರ್
ಎಲ್ಲಾ ಚೆನ್ನಾಗಿ ಹೇಳ್ತಿದ್ದೀರಾ, ಆದ್ರೆ ಚರ್ಚೆ ತಪ್ಪು ಸಂಖ್ಯೆ ಹಿಂದೆ ಓಡ್ತಿದೆ ಅಂತ ನನಗನ್ಸುತ್ತೆ. ಆಲ್ಟಿಮೀಟರ್ ನಮಗಾಗಿ ಮಾಡೋ ಕೆಲಸ ಎತ್ತರ ಹೇಳೋದಲ್ಲ, ಸರಿಯಾದ ಕ್ಷಣಕ್ಕೆ ಡ್ರೋಗ್ ಹೊರಗೆ ಹಾಕೋದು. 1,391 ಇರಲಿ 1,512 ಇರಲಿ, ಒತ್ತಡ ಇಳಿಯೋದು ನಿಂತು ಏರೋಕೆ ಶುರುವಾದ ಕ್ಷಣ ಎರಡರಲ್ಲೂ ಅದೇ. ಸೆಕೆ ಆ ಕ್ಷಣವನ್ನ ಆಚೀಚೆ ಮಾಡಲ್ಲ. ಬ್ಯಾರೋ ಇಷ್ಟು ವರ್ಷ ಈ ಹವ್ಯಾಸದಲ್ಲಿ ಗಟ್ಟಿಯಾಗಿ ಉಳ್ಕೊಂಡಿರೋದು ಅದಕ್ಕೇ.

ಲೆಕ್ಕ ಹಾಕಿ ನೋಡಿ. ಅಪೋಜಿ ದಾಟಿ ಒಂದು ಸೆಕೆಂಡಿಗೆ ರಾಕೆಟ್ 4.9 ಮೀಟರ್ ಇಳಿದಿರುತ್ತೆ. 1,500 ಮೀಟರ್ ಮೇಲೆ ಅದು ಹತ್ರ ಹತ್ರ 50 ಪಾಸ್ಕಲ್. ಎಂಎಸ್5607 ಚಿಪ್‌ನ ರೆಸಲ್ಯೂಶನ್ (ಗುರುತಿಸಬಲ್ಲ ಅತಿ ಚಿಕ್ಕ ಬದಲಾವಣೆ) 2.4 ಪಾಸ್ಕಲ್, ಅಂದ್ರೆ ಸುಮಾರು 20 ಸೆಂಟಿಮೀಟರ್. ಸುಲಭವಾಗಿ ಹಿಡಿಯುತ್ತೆ.

ಹೆದರಬೇಕಾದ್ದು ಶಬ್ದದ ವೇಗದ ಹತ್ತಿರ ಹೋದಾಗ. ಶಾಕ್ ವೇವ್ ವೆಂಟ್ ಹೋಲ್ (ಹೊರಗಿನ ಗಾಳಿ ಒತ್ತಡ ಒಳಗೆ ಬಿಡೋ ತೂತು) ಮೇಲೆ ಹಾದುಹೋಗುವಾಗ ಒತ್ತಡ ಧಡಕ್ಕಂತ ಜಿಗಿಯುತ್ತೆ. ರಾಕೆಟ್ ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಮೇಲೆ ಹೋಗ್ತಿರುತ್ತೆ, ಆಲ್ಟಿಮೀಟರ್‌ಗೆ ಮಾತ್ರ ಕೆಳಗೆ ಬಿದ್ದ ಹಾಗೆ ಕಾಣುತ್ತೆ. ಹಳೇ ಕಾಲದ ಬೋರ್ಡ್ ಆಗಿದ್ರೆ ಅಲ್ಲೇ ಡ್ರೋಗ್ ಹಾರಿಸಿ ರಾಕೆಟ್ ಚೂರು ಚೂರು. ಅದಕ್ಕೇ ಮ್ಯಾಕ್ (ಶಬ್ದದ ವೇಗ) ಡಿಲೇ ಅಂತ ಇಷ್ಟು ಸೆಕೆಂಡ್ ಕಣ್ಣು ಮುಚ್ಚಿಕೋ ಅಂತ ಸೆಟ್ ಮಾಡ್ತಿದ್ರು. ಈಗಿನವು ಹೆಚ್ಚಿನವು ವೇಗದ ಅಂದಾಜು ಇಟ್ಕೊಂಡು, ವೇಗ ಇಳಿಯೋ ತನಕ ಅಪೋಜಿ ಹುಡುಕೋದೇ ಇಲ್ಲ. ಟೆಲಿಮೆಟ್ರಮ್ ಥರದ ಬೋರ್ಡುಗಳು ಬ್ಯಾರೋ ಮತ್ತೆ ಆಕ್ಸೆಲೆರೋಮೀಟರ್ ಎರಡನ್ನೂ ಕಾಲ್ಮನ್ ಫಿಲ್ಟರಿಗೆ (ಎರಡು ಅಳತೆ ಬೆರೆಸಿ ಅಂದಾಜು ಮಾಡೋ ಲೆಕ್ಕ) ಹಾಕಿ ಒಂದರ ಹುಚ್ಚಾಟಕ್ಕೆ ಇನ್ನೊಂದರಿಂದ ಲಗಾಮು ಹಾಕ್ತವೆ.

ಲೆವೆಲ್ 3ಕ್ಕೆ, ಅಂದ್ರೆ ಎಂ ಮೋಟಾರ್ ಮತ್ತು ಮೇಲೆ, ಅಮೆರಿಕದ ರಾಕೆಟ್ ಸಂಘಗಳಾದ ಎನ್‌ಎಆರ್ ಆಗಲಿ ಟ್ರಿಪೋಲಿ ಆಗಲಿ ಪ್ಯಾರಾಶೂಟ್ ಬಿಚ್ಚೋಕೆ ಎರಡು ಸ್ವತಂತ್ರ ಸಿಸ್ಟಮ್ ಕಡ್ಡಾಯ ಮಾಡಿವೆ. ಬೋರ್ಡು, ಬ್ಯಾಟರಿ, ಸ್ವಿಚ್, ಚಾರ್ಜ್ (ಪ್ಯಾರಾಶೂಟ್ ಹೊರಗೆ ತಳ್ಳೋ ಮದ್ದು) ಎಲ್ಲಾ ಎರಡೆರಡು. ರಾಯರೇ, ನೀವು ಈಗಿಂದಲೇ ಹಾಗೆ ಕಟ್ಟೋ ಅಭ್ಯಾಸ ಮಾಡ್ಕೊಳ್ಳಿ, ಮತ್ತೆ ಎರಡನೇ ಬೋರ್ಡಿನ ಅಪೋಜಿ ಚಾರ್ಜನ್ನ ಒಂದೆರಡು ಸೆಕೆಂಡ್ ತಡ ಇಡಿ. ಎರಡೂ ಒಟ್ಟಿಗೆ ಹೊಡೆದ್ರೆ ಟ್ಯೂಬಿಗೇ ಏಟು.

ಫ್ರೆಸ್ನೊ_ರಾಯ
ಸುಮಕ್ಕ, ನನ್ನ ರಾಕೆಟ್ 200 ಮೀಟರ್ ಪರ್ ಸೆಕೆಂಡ್ ದಾಟಿಲ್ಲ, ಮ್ಯಾಕ್ ಭಯ ಇಲ್ಲ. ಆದ್ರೂ ಬ್ಯಾರೋ ಗ್ರಾಫಲ್ಲಿ ಒಂದು ವಿಚಿತ್ರ ಇದೆ. ಮೋಟಾರ್ ಉರಿಯೋ ಹೊತ್ತಲ್ಲಿ, ಮೊದಲ ಎರಡು ಸೆಕೆಂಡ್, ಎತ್ತರದ ಗೆರೆ ಆಕ್ಸೆಲೆರೋಮೀಟರ್ ಗೆರೆಗಿಂತ 20-25 ಮೀಟರ್ ಕೆಳಗೆ ಜೋತು ಬಿದ್ದಿದೆ. ಆಮೇಲೆ ನಿಧಾನಕ್ಕೆ ಹತ್ತಿರ ಬರುತ್ತೆ. ಏನಿದು?

ಸುಮಕ್ಕ_ಡೆನ್ವರ್
ವೆಂಟ್ ಹೋಲ್ ಎಷ್ಟು, ಎಲ್ಲಿ, ಯಾವ ಸೈಜು? ಫೋಟೋ ಇದ್ರೆ ಹಾಕಿ.

ಫ್ರೆಸ್ನೊ_ರಾಯ
ಸ್ವಿಚ್ ಬ್ಯಾಂಡ್‌ನಲ್ಲಿ (ಏವಿ-ಬೇ ಸುತ್ತಲಿನ ಬಳೆ) ಸಮ ಅಂತರದಲ್ಲಿ 4, ಪ್ರತಿಯೊಂದೂ 3 ಮಿಲಿಮೀಟರ್. ಬೇ ಉದ್ದ 20 ಸೆಂಟಿಮೀಟರ್. ಒಂದು ತೂತಿನ ಎದುರಿಗೆ ಮೂರು ಬೆರಳಿನಷ್ಟು ಮುಂದೆ ಕ್ಯಾಮೆರಾ ಹುಡ್ ಅಂಟಿಸಿದೀನಿ.

ಬಾರೋ_ಭಟ್ಟ
ಸೈಜು ಸರಿ ಇದೆ. ಎಲ್ಲರೂ ಬಳಸೋ ಬಾಯಿಲೆಕ್ಕ: 100 ಘನ ಇಂಚಿಗೆ ಕಾಲು ಇಂಚಿನ ಒಂದು ತೂತು. ನಿಮ್ಮ ಬೇ ಒಳಗಿನ ಗಾತ್ರ ಸುಮಾರು 1,400 ಸಿಸಿ, ಅಂದ್ರೆ 85 ಘನ ಇಂಚು. ಒಂದೇ ತೂತಾದ್ರೆ 27 ಚದರ ಮಿಲಿಮೀಟರ್ ಬೇಕು, ನಾಲ್ಕಕ್ಕೆ ಹಂಚಿದ್ರೆ ತಲಾ 6.8, ವ್ಯಾಸ ಸುಮಾರು 2.9. ನಿಮ್ಮದು 3.

ತಪ್ಪಿತಸ್ಥ ಆ ಕ್ಯಾಮೆರಾ ಹುಡ್. 200 ಮೀಟರ್ ವೇಗದಲ್ಲಿ ಗಾಳಿಯ ಡೈನಾಮಿಕ್ ಪ್ರೆಶರ್ (ಎದುರು ನುಗ್ಗೋ ಗಾಳಿಯ ಒತ್ತಡ) 24,000 ಪಾಸ್ಕಲ್. ಅದರ ನೂರಕ್ಕೆ ಒಂದು ಪಾಲು ವೆಂಟ್ ಒಳಗೆ ನುಗ್ಗಿದ್ರೂ 240 ಪಾಸ್ಕಲ್, ಅಂದ್ರೆ ಸರಿಸುಮಾರು 20 ಮೀಟರ್. ನಿಮ್ಮ ಗ್ರಾಫಲ್ಲಿ ಇರೋದು ಅಷ್ಟೇ ಅಲ್ವಾ? ವೇಗ ಇಳಿದ ಹಾಗೆ ಇದು ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಅಪೋಜಿಯಲ್ಲಿ ಏನೂ ಉಳಿಯಲ್ಲ. ಹಾಗಾಗಿ ಈ ಸಲ ಅಪಾಯ ಆಗಲಿಲ್ಲ. ವೆಂಟ್ ಮುಂದೆ ಉಬ್ಬು, ಸ್ಕ್ರೂ ತಲೆ, ನೋಸ್‌ಕೋನ್ ಭುಜ ಯಾವುದೂ ಹತ್ತಿರ ಇರಬಾರದು. ಹುಡ್ ತೆಗೆದು ವೆಂಟ್‌ಗಿಂತ ಹಿಂದಕ್ಕೆ ಅಂಟಿಸಿ.

ಪ್ಯಾಡ್ ಮೇಲೆ ನಿಂತಿರುವಾಗಲೂ ಇದೇ ಕಥೆ. 10 ಮೀಟರ್ ವೇಗದ ಒಂದು ಗಾಳಿಬೀಸು ಅಂದ್ರೆ 60 ಪಾಸ್ಕಲ್, 5 ಮೀಟರ್ ಎತ್ತರದಷ್ಟು. ಒಂದೇ ತೂತು ಇದ್ರೆ ಅದು ನೇರ ಒಳಗೆ ಬರುತ್ತೆ. ಮೂರೋ ನಾಲ್ಕೋ ಇದ್ರೆ ಒಂದು ಕಡೆಯಿಂದ ತಳ್ಳಿದ್ದನ್ನು ಇನ್ನೊಂದು ಕಡೆ ಎಳೆದು ಬಹುಪಾಲು ಸಮ ಮಾಡುತ್ತೆ.

ಪ್ರಸನ್ನ_ಜಯನಗರ
ಇಷ್ಟು ದುಡ್ಡು ಕೊಟ್ಟು ಬೋರ್ಡ್ ತಗೊಂಡು, ಕೊನೆಗೆ ಡ್ರಿಲ್ ಬಿಟ್ಟಿನ ಸೈಜ್ ಮೇಲೆ ನಿಂತಿದೆ ಅಂದ್ರೆ...

ಏವಿಯಾನಿಕ್ಸ್_ಹುಡುಗ
ಸರ್, ಅಕ್ಕ, ನನ್ನದೂ ಸ್ವಲ್ಪ ನೋಡಿ. ಇಎಸ್‌ಪಿ32 ಪುಟ್ಟ ಕಂಪ್ಯೂಟರ್, ಬಿಎಂಪಿ280 ಒತ್ತಡದ ಚಿಪ್, ಎಂಪಿಯು6050 ಆಕ್ಸೆಲೆರೋಮೀಟರ್, ಲಾಗ್‌ಗೆ ಎಸ್‌ಡಿ ಕಾರ್ಡ್. ಎಲ್ಲಾ ಎಸ್‌ಪಿ ರೋಡಲ್ಲಿ ತಗೊಂಡಿದ್ದು, ಸಾವಿರದ ಆಸುಪಾಸು. ನಮ್ಮ ಟೀಮ್ ರಾಕೆಟ್‌ಗೆ ಇದನ್ನೇ ಮುಖ್ಯ ಫ್ಲೈಟ್ ಕಂಪ್ಯೂಟರ್ ಮಾಡಬೇಕು ಅಂತಿದೀವಿ. ಆಗುತ್ತಾ?

ಧಾರವಾಡದಾಂವ
ತಮ್ಮಾ, ಕಲೀಲಿಕ್ಕೆ ಇದರಷ್ಟು ಛಲೋ ಬ್ಯಾರೆ ಇಲ್ಲ. ಆದ್ರ ಪ್ಯಾರಾಶೂಟಿನ ಜವಾಬ್ದಾರಿ ಅದಕ್ಕ ಈಗ ಕೊಡಬ್ಯಾಡ. ಮೊದಲ ಪ್ರಯಾಣಿಕ ಆಗಿ ಹೋಗಲಿ, ಚಾರ್ಜ್ ವೈರ್ ಇಲ್ಲದ. ಅದು ಯಾವಾಗ ಹಾರಸ್ತಿತ್ತು ಅನ್ನೂದನ್ನ ಲಾಗ್‌ನಾಗ ಬರೀಲಿ. ಕಂಪನಿ ಆಲ್ಟಿಮೀಟರ್ ಜೋಡಿ ಹೋಲಿಸಿ ನೋಡು.

ಎಂಪಿಯು6050 ಪ್ಲಸ್ ಮೈನಸ್ 16 ಜಿಗೆ ಮುಗೀತು. ಹಗುರ ರಾಕೆಟ್ಟಿಗೆ ಜೋರ್ ಮೋಟಾರ್ ಹಾಕಿದ್ರ 20 ಜಿ ಸಹಜ. ಆವಾಗ ಗ್ರಾಫ್ 16ಕ್ಕ ತಲಿ ಬೋಳಿಸಿದಂಗ ಚಪ್ಪಟಿ ಆಗ್ತದ, ಅಲ್ಲಿಂದ ಮುಂದ ನಿನ್ನ ವೇಗದ ಲೆಕ್ಕ ಎಲ್ಲಾ ಕಡಿಮಿ. ಕಡಿಮಿ ಆದ್ರ ಅಪೋಜಿ ಲಗೂ ಬಂತು ಅಂತ ತಿಳಕೋತದ. ಅದು ಭಾಳ ಕೆಟ್ಟದ್ದು.

ಎಸ್‌ಡಿ ಕಾರ್ಡ್ ಬರಿಯೂ ಮುಂದ ಒಮ್ಮೊಮ್ಮೆ ನೂರು, ಇನ್ನೂರು ಮಿಲಿಸೆಕೆಂಡ್ ಸುಮ್ಮ ನಿಂದ್ರತದ. ಅದ ಲೂಪಿನಾಗ ಸೆನ್ಸರ್ ಓದ್ತಿದ್ರ ಅಷ್ಟು ಹೊತ್ತು ನೀ ಕುರುಡ. ಬೋರ್ಡ್ ಮ್ಯಾಲೆ ಬೆಸುಗಿ ಹಾಕಿದ ಫ್ಲಾಶ್ ಚಿಪ್‌ಗೆ ಬರಿ, ಕೆಳಗ ಬಂದ ಮ್ಯಾಲೆ ಇಳಿಸ್ಕೋ.

ಬಿಎಂಪಿ280 ಒಳ್ಳೇದ ಅದ, 300 ಹೆಕ್ಟೋಪಾಸ್ಕಲ್ ತನಕ, 9 ಕಿಲೋಮೀಟರ್ ಸಾಕಲ್ಲ ನಿನಗ. ಬಿಸಿಲು ಮಾತ್ರ ಬೀಳಗೊಡಬ್ಯಾಡ. ಈ ಚಿಪ್ಪುಗಳ ತೂತಿನಾಗ ಬೆಳಕು ಹೊಕ್ಕರ ಒತ್ತಡದ ಓದು ಜಿಗೀತದ, ಎಂಎಸ್5611 ಅಂತೂ ಇದಕ್ಕ ಹೆಸರುವಾಸಿ. ರಾಕೆಟ್ ತಿರುಗೂಮುಂದ ವೆಂಟ್‌ನಿಂದ ಬಿಸಿಲು ಒಂದ ಲಯದಾಗ ಒಳಗ ಹಣಿಕಿ ಹಾಕತದ, ಗ್ರಾಫಿನಾಗ ಅದ ಲಯದ ಹಲ್ಲು ಕಾಣಸ್ತಾವ. ಗಾಳಿ ಆಡೂ ಕರೀ ಸ್ಪಾಂಜ್ ಒಂದು ತುಂಡು ಮ್ಯಾಲೆ ಇಡು, ಅಂಟು ತೂತಿಗೆ ಹೋಗದಂಗ.

ಮಣಿಪಾಲ_ಹಳಬ
ಮಣಿಪಾಲದ ಥ್ರಸ್ಟ್‌ಎಂಐಟಿ ರಾಕೆಟ್ ತಂಡದ ಹುಡುಗರು ಅಮೆರಿಕಕ್ಕೆ ಹೋಗಿ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಅನ್ನುವ ವಿದ್ಯಾರ್ಥಿ ರಾಕೆಟ್ ಸ್ಪರ್ಧೆಯಲ್ಲಿ ಭಾಗವಹಿಸಿದ್ದು ಗೊತ್ತುಂಟಲ್ಲ. ನ್ಯೂ ಮೆಕ್ಸಿಕೊದಲ್ಲಿ ನಡೀತಿತ್ತು, 2025ರಿಂದ ಐಆರ್‌ಇಸಿ ಅಂತ ಹಳೇ ಹೆಸರಲ್ಲಿ ಟೆಕ್ಸಸ್‌ನ ಮಿಡ್‌ಲ್ಯಾಂಡ್‌ಗೆ ಹೋಗಿದೆ. 10,000 ಅಡಿ, 30,000 ಅಡಿ ಅಂತ ಗುರಿ ಇರ್ತದೆ. ಅಲ್ಲಿ ನೀವೇ ಮಾಡಿದ ಕಂಪ್ಯೂಟರ್ ಇಡಬಹುದು, ಆದರೆ ರಿಕವರಿಗೆ (ಪ್ಯಾರಾಶೂಟಲ್ಲಿ ಇಳಿಸುವುದಕ್ಕೆ) ಅಂಗಡಿಯಲ್ಲಿ ಸಿಗುವ ಆಲ್ಟಿಮೀಟರ್ ಒಂದಾದರೂ ಇರಲೇಬೇಕು ಅಂತ ನಿಯಮ. ಎತ್ತರದ ಅಂಕವೂ ಅದರದ್ದೇ ಬ್ಯಾರೋ ಲಾಗ್ ನೋಡಿ ಕೊಡುವುದು. ಹಾಗಾಗಿ ಧಾರವಾಡದವರು ಹೇಳಿದ್ದು ಬರೀ ಜಾಗ್ರತೆಯ ಮಾತಲ್ಲ ಮಾರಾಯ, ಸ್ಪರ್ಧೆಗೂ ಅದೇ ದಾರಿ.

ಇಲ್ಲಿ ಇಜೆಕ್ಷನ್ ಚಾರ್ಜ್‌ನ ಮದ್ದು, ಮೋಟಾರ್ ಎರಡೂ ಸ್ಫೋಟಕ ಕಾಯ್ದೆಯ ಒಳಗೆ ಬರ್ತದೆ. ಕಾಲೇಜಿನ ಮೂಲಕ, ಪರವಾನಗಿ ಇದ್ದವರ ಜೊತೆ ಮಾತ್ರ. ರೂಮಿನಲ್ಲಿ ಪ್ರಯೋಗ ಬೇಡ.

ಸುಮಕ್ಕ_ಡೆನ್ವರ್
ರೂಮಿನಲ್ಲಿ ಮಾಡಬಹುದಾದ ಪ್ರಯೋಗ ನಾನು ಹೇಳ್ತೀನಿ, ಮದ್ದಿಲ್ಲದ್ದು. ದೊಡ್ಡ ಉಪ್ಪಿನಕಾಯಿ ಬಾಟಲಿ, ಮುಚ್ಚಳಕ್ಕೆ ತೂತು, ಗಾಳಿ ಹೊರಗೆ ಎಳೆಯೋ ಒಂದು ಕೈಪಂಪು. ಗಾಜಿನದ್ದಾದ್ರೆ ಸುತ್ತ ಟೇಪ್ ಸುತ್ತಿ, ಕನ್ನಡಕ ಹಾಕ್ಕೊ. ಇ-ಮ್ಯಾಚ್ (ಚಾರ್ಜ್ ಹೊತ್ತಿಸೋ ವಿದ್ಯುತ್ ಕಡ್ಡಿ) ಜಾಗದಲ್ಲಿ ಎರಡು ಎಲ್‌ಇಡಿ. ಬೋರ್ಡ್ ಆನ್ ಮಾಡಿ ಒಳಗಿಡು, ಗಾಳಿ ಎಳಿ. ಅದಕ್ಕೆ ಮೇಲೆ ಹೋದ ಹಾಗೆ ಅನ್ಸುತ್ತೆ. ಎಳೆಯೋದು ನಿಲ್ಲಿಸಿ ನಿಧಾನಕ್ಕೆ ಗಾಳಿ ಒಳಗೆ ಬಿಡು: ಡ್ರೋಗ್ ಎಲ್‌ಇಡಿ ಹತ್ತಬೇಕು. ಇನ್ನೂ ಬಿಡ್ತಾ ಹೋದ್ರೆ ಮೇನ್.

ಏವಿಯಾನಿಕ್ಸ್_ಹುಡುಗ
ಅಕ್ಕ ಮಾಡಿ ನೋಡಿದೆ. ಯಾವ ಎಲ್‌ಇಡಿನೂ ಹತ್ತಲಿಲ್ಲ! ಸೀರಿಯಲ್ ಮಾನಿಟರಲ್ಲಿ ಒತ್ತಡ ಸರಿಯಾಗಿ ಇಳಿದು ಏರ್ತಿದೆ, ಎತ್ತರ ಮಾತ್ರ ಸೊನ್ನೆ, ಒಂದು, ಸೊನ್ನೆ ಅಂತ ಕೂತಿದೆ.

ಧಾರವಾಡದಾಂವ
ಲಾಂಚ್ ಆತು ಅಂತ ಹೆಂಗ ಗುರುತ ಹಿಡೀತಿ? ಮತ್ತ ಗ್ರೌಂಡ್ ಪ್ರೆಶರ್ ಯಾವಾಗ ತಗೋತಿ?

ಏವಿಯಾನಿಕ್ಸ್_ಹುಡುಗ
3 ಜಿ ದಾಟಿದ್ರೆ ಲಾಂಚ್. ಅಲ್ಲಿವರೆಗೂ ಗ್ರೌಂಡ್ ಪ್ರೆಶರ್‌ನ ಪ್ರತಿ ಸೆಕೆಂಡ್ ಅಪ್‌ಡೇಟ್ ಮಾಡ್ತಿರುತ್ತೆ.

ಓ. ಬಾಟಲಿಯಲ್ಲಿ 3 ಜಿ ಎಲ್ಲಿಂದ ಬರಬೇಕು.

ಧಾರವಾಡದಾಂವ
ಹಾಂ. ಪ್ಯಾಡ್ ಅನ್ಕೊಂಡ ಕುಂತದ ಪಾಪ. ಬಾಟಲಿ ಪರೀಕ್ಷಾಕ್ಕ ಒತ್ತಡದಿಂದ ಸುದ್ಧಾ ಲಾಂಚ್ ಹಿಡಿಯೂ ದಾರಿ ಇಡು, 30 ಮೀಟರ್ ಏರಿದ್ರ ಲಾಂಚ್ ಅಂತ. ಆದ್ರ ಸರಾಸರಿನ ಹತ್ತು ಸೆಕೆಂಡ್ ಹಿಂದಿಂದು ಇಟ್ಕೋ, ಇಲ್ಲಂದ್ರ ಗ್ರೌಂಡೂ ಜೋಡಿನ ಏರತದ.

ಇದಕ್ಕಿಂತ ದೊಡ್ಡ ಕುಣಿ ಮುಂದದ. ಹಾರೂಮುಂದ ಬ್ಯಾಟರಿ ಕನೆಕ್ಟರ್ ಒಂದು ಕ್ಷಣ ಅಲುಗಾಡಿ ಇಎಸ್‌ಪಿ ರೀಸೆಟ್ ಆತು ಅಂತ ಹಿಡಿ. ಎದ್ದ ತಕ್ಷಣ ಅಲ್ಲೇ 800 ಮೀಟರ್ ಮ್ಯಾಲಿನ ಒತ್ತಡವನ್ನ ನೆಲ ಅನ್ಕೋತದ. ಅಪೋಜಿ ಸಿಕ್ಕರೂ ಮೇನ್ ಸಿಗಬೇಕಾದ ಎತ್ತರ ಅದರ ಲೆಕ್ಕದಾಗ ಮೈನಸ್ 600. ಏನ್ ಮಾಡತದ ನೋಡು.

ಸುಮಕ್ಕ_ಡೆನ್ವರ್
ಇದನ್ನೂ ಬಾಟಲಿಯಲ್ಲೇ ಪರೀಕ್ಷೆ ಮಾಡಬಹುದು. ಗಾಳಿ ಎಳೆದು ಅರ್ಧದಲ್ಲಿ ಪವರ್ ಕಿತ್ತು ಮತ್ತೆ ಕೊಡು.

ಏವಿಯಾನಿಕ್ಸ್_ಹುಡುಗ
ಕಿತ್ತು ನೋಡಿದೆ ಅಕ್ಕ, ಧಾರವಾಡ ಅಣ್ಣ ಹೇಳಿದ ಹಾಗೇ ಆಯ್ತು, ಮೇನ್ ಗಾಳಿ ಪೂರ್ತಿ ತುಂಬೋ ಮುಂಚೆನೇ, ಡ್ರೋಗ್ ಜೊತೆಗೇ ಹತ್ತಿಬಿಡ್ತು. ಮೈನಸ್ ಎತ್ತರ ಕೂಡ 200ಕ್ಕಿಂತ ಕಮ್ಮಿನೇ ಅಲ್ವಾ. ಈಗ ಸ್ಟೇಟ್ ಮತ್ತೆ ಗ್ರೌಂಡ್ ಪ್ರೆಶರ್ ಎರಡನ್ನೂ ಫ್ಲಾಶ್‌ಗೆ ಬರೆದು, ಎದ್ದಾಗ ಮೊದಲು ಅದನ್ನ ಓದೋ ಹಾಗೆ ಬದಲಾಯಿಸ್ತಿದೀನಿ. ರಾತ್ರಿ ಕೋಡ್ ಹಾಕ್ತೀನಿ, ಯಾರಾದ್ರೂ ಕಣ್ಣಾಡಿಸಿ.

ಧಾರವಾಡದಾಂವ
ಹಾಕು, ನೋಡೂಣು. ಅದಕ್ಕೂ ಮೊದಲ ಬ್ಯಾಟರಿ ಕನೆಕ್ಟರ್ ಫೋಟೋ ಹಾಕು. ಬ್ರೆಡ್‌ಬೋರ್ಡ್ ವೈರ್ ಕಂಡ್ರ ಬೈತೀನಿ.

ಫ್ರೆಸ್ನೊ_ರಾಯ
ನಾನು ಕ್ಯಾಮೆರಾ ಹುಡ್ ಕಿತ್ತೆ, ವೆಂಟ್‌ಗಿಂತ ಹಿಂದಕ್ಕೆ ಅಂಟಿಸಿದೀನಿ. ಮುಂದಿನ ಲಾಂಚ್ ಆದ ಮೇಲೆ ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ಇಲ್ಲೇ ಹಾಕ್ತೀನಿ.